ಇನ್‌ಕಾಗ್ನಿಟೊ ಇದೆಯಲ್ಲ, ಬೇರೆ ಬ್ರೌಸರ್ ಯಾಕೆ?

ಮನೆಯಲ್ಲಿ ಯಾರು ಹೊಸ ಫೋನ್ ತಗೊಂಡರೂ ನನ್ನ ಕೈಗೆ ಕೊಟ್ಟು ಕೇಳುವುದು ಇದನ್ನೇ: "ಬೇರೆ ಬ್ರೌಸರ್ ಹಾಕ್ಕೋ ಅಂತೀಯಲ್ಲ, ಇನ್‌ಕಾಗ್ನಿಟೊದಲ್ಲಿ ನೋಡಿದ್ರೆ ಸಾಕಾಗಲ್ವಾ?"

ಸಾಕಾಗಲ್ಲ. ಇನ್‌ಕಾಗ್ನಿಟೊ ಅಂದರೆ ಗೂಗಲ್ಲಿನ ಕ್ರೋಮ್ ಬ್ರೌಸರಿನಲ್ಲಿ ಹಿಸ್ಟರಿ ಉಳಿಸದೆ ನೋಡುವ ಕಿಟಕಿ. ಅದು ಮುಚ್ಚಿಡುವುದು ನಿಮ್ಮ ಫೋನನ್ನು ಕೈಗೆತ್ತಿಕೊಂಡು ನೋಡುವವರಿಂದ ಮಾತ್ರ. ಆ ಕಿಟಕಿ ಮುಚ್ಚಿದಾಗ ಹಿಸ್ಟರಿ, ಕುಕೀ (ಸೈಟುಗಳು ಬ್ರೌಸರಿನಲ್ಲಿ ಬಿಟ್ಟುಹೋಗುವ ಗುರುತು) ಅಳಿಸಿಹೋಗುತ್ತವೆ, ಅಷ್ಟೇ. ನೀವು ಹೋದ ಸೈಟಿಗೆ, ಇಂಟರ್ನೆಟ್ ಕೊಡುವ ಕಂಪನಿಗೆ, ಆಫೀಸಿನ ವೈಫೈ ನೋಡಿಕೊಳ್ಳುವವರಿಗೆ ನೀವು ಆಗಲೂ ಕಾಣುತ್ತೀರಿ. ಇದೇ ವಿಷಯಕ್ಕೆ 2020ರಲ್ಲಿ ಅಮೆರಿಕದಲ್ಲಿ ಗೂಗಲ್ ಮೇಲೆ ಕೇಸ್ ಬಿತ್ತು. 2024ರಲ್ಲಿ ರಾಜಿಯಾಯಿತು. ಇನ್‌ಕಾಗ್ನಿಟೊದಲ್ಲಿದ್ದಾಗ ಸೇರಿಸಿಕೊಂಡಿದ್ದ ಮಾಹಿತಿಯನ್ನು ಅಳಿಸಲು ಕಂಪನಿ ಒಪ್ಪಿಕೊಂಡಿತು.

ನಮ್ಮ ಚಿಕ್ಕಮ್ಮ ಒಂದು ದಿನ ಮಂಡಿನೋವಿಗೆ ಕಟ್ಟುವ ಬೆಲ್ಟ್ ಎಷ್ಟಾಗುತ್ತೆ ಅಂತ ಒಂದು ಅಂಗಡಿ ಸೈಟಿನಲ್ಲಿ ನೋಡಿದ್ದರು. ಸಂಜೆ ಬಿಸಿಬೇಳೆ ಬಾತ್ ಪುಡಿಯ ಅಳತೆ ಹುಡುಕಿದರೆ, ಕೊತ್ತಂಬರಿ ಬೀಜಕ್ಕೂ ಕಡಲೆಬೇಳೆಗೂ ನಡುವೆ ಅದೇ ಬೆಲ್ಟ್! "ನನ್ನ ಮಂಡಿ ವಿಷಯ ಇವರಿಗೆ ಯಾರು ಹೇಳಿದ್ರೋ?" ಅಂತ ಕೇಳಿದರು. ಮುಖದಲ್ಲಿ ನಿಜವಾಗಿಯೂ ಹೆದರಿಕೆ ಇತ್ತು.

ಹೇಳಿದ್ದು ಕುಕೀ. ಎರಡೂ ಪುಟಗಳ ಒಳಗೆ ಒಂದೇ ಜಾಹೀರಾತು ಕಂಪನಿಯ ಕೋಡ್ ಇರುತ್ತದೆ. ಮೊದಲ ಪುಟದಲ್ಲಿ ಅದು ನಿಮ್ಮ ಬ್ರೌಸರಿಗೆ ಒಂದು ನಂಬರ್ ಅಂಟಿಸುತ್ತದೆ. ಎರಡನೇ ಪುಟದಲ್ಲಿ ಆ ನಂಬರ್ ಓದಿ, 'ಓ, ಬೆಲ್ಟ್ ನೋಡಿದವರು ಇವರೇ' ಅಂತ ಗುರುತು ಹಿಡಿಯುತ್ತದೆ. ಇದಕ್ಕೆ ಥರ್ಡ್ ಪಾರ್ಟಿ ಕುಕೀ ಅನ್ನುತ್ತಾರೆ.

ಚಿಕ್ಕಮ್ಮನ ಮಂಡಿನೋವು ಚಿಕ್ಕಮ್ಮನದು. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಷಯಕ್ಕೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. ಅವರ ಕೇಸಿನಲ್ಲೇ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿದರು. ಬ್ರೌಸರ್ ಆರಿಸುವಾಗ ನನಗೆ ಅವರ ನೆನಪು ಬರುತ್ತದೆ.

ಹಾಗಾದರೆ ಯಾವುದು? ನಾನು ನೋಡುವುದು ಒಂದೇ: ಸೆಟ್ಟಿಂಗ್ಸ್ ಮುಟ್ಟದೇ ಇದ್ದರೂ ಅದು ನನ್ನನ್ನು ಕಾಯುತ್ತದಾ? ನಮ್ಮ ಮನೆಯವರು ಯಾರೂ ಸೆಟ್ಟಿಂಗ್ಸ್ ತೆರೆಯುವುದಿಲ್ಲ. ಐಫೋನಿನ ಸಫಾರಿ 2020ರಿಂದ ಈ ಕುಕೀಗಳನ್ನು ಪೂರ್ತಿ ತಡೆಯುತ್ತಿದೆ. ಫೈರ್‌ಫಾಕ್ಸ್ 2022ರಲ್ಲಿ ಒಂದೊಂದು ಸೈಟಿನ ಕುಕೀಗೂ ಬೇರೆ ಬೇರೆ ಡಬ್ಬಿ ಮಾಡಿತು. ಹಾಗಾಗಿ ಅಂಗಡಿಯಲ್ಲಿ ಅಂಟಿದ ನಂಬರನ್ನು ಅಡುಗೆ ಪುಟದಲ್ಲಿ ಓದಲು ಆಗುವುದಿಲ್ಲ. ಕ್ರೋಮ್ ಕೂಡ ನಿಲ್ಲಿಸುತ್ತೇವೆ ಅಂತ 2020ರಲ್ಲಿ ಹೇಳಿತ್ತು. ಮುಂದೂಡುತ್ತಾ ಬಂದು, 2024ರಲ್ಲಿ ಕೈಬಿಟ್ಟಿತು. ಗೂಗಲ್ಲಿನ ದುಡಿಮೆಯ ದೊಡ್ಡ ಪಾಲು ಜಾಹೀರಾತಿನದೇ ಅಲ್ವಾ?

ಆಂಡ್ರಾಯ್ಡ್ ಫೋನಿಗೆ ನನ್ನ ಉತ್ತರ ಫೈರ್‌ಫಾಕ್ಸ್, ಅದರೊಳಗೆ ಯೂಬ್ಲಾಕ್ ಆರಿಜಿನ್ ಎಂಬ ಪುಟ್ಟ ಪ್ರೋಗ್ರಾಂ, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಎಕ್ಸ್‌ಟೆನ್ಶನ್. ಜಾಹೀರಾತೂ ಹೋಗುತ್ತದೆ, ಪುಟವೂ ಬೇಗ ತೆರೆಯುತ್ತದೆ. ಒಂದು ಮಾತು ಮುಚ್ಚಿಡುವುದಿಲ್ಲ: ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾಗೆ ಜಾಸ್ತಿ ಹಣ ಬರುವುದೂ ಗೂಗಲ್ಲಿಂದಲೇ, ಅವರ ಸರ್ಚನ್ನು ಮೊದಲೇ ಹಾಕಿಕೊಡುವುದಕ್ಕೆ. ಅದಕ್ಕೇ ನಾನು ಹಾಕಿದ ತಕ್ಷಣ ಸರ್ಚನ್ನು ಡಕ್‌ಡಕ್‌ಗೋ ಎಂಬ ಬೇರೆ ಸರ್ಚಿಗೆ ಬದಲಿಸುತ್ತೇನೆ. ಬ್ರೇವ್ ಎಂಬ ಬ್ರೌಸರ್ ಕೂಡ ಚೆನ್ನಾಗಿ ತಡೆಯುತ್ತದೆ, ಅದರ ಕ್ರಿಪ್ಟೊ ಕರೆನ್ಸಿ ಗದ್ದಲ ಮಾತ್ರ ನನಗೆ ಇಷ್ಟವಿಲ್ಲ. ಟಾರ್ ಬ್ರೌಸರ್ ಗುರುತು ಮರೆಮಾಡಲೇಬೇಕಾದ ಪತ್ರಕರ್ತರಂಥವರಿಗೆ. ದಿನದ ಬಳಕೆಗೆ ನಿಧಾನ.

ಇಷ್ಟಾದರೂ ನೀವೇ ಲಾಗಿನ್ ಆಗಿ ಹುಡುಕಿದ್ದು ಆ ಕಂಪನಿಗೆ ಗೊತ್ತಾಗಿಯೇ ಆಗುತ್ತದೆ. ಅದನ್ನು ಯಾವ ಬ್ರೌಸರೂ ತಡೆಯಲಾರದು.

ಚಿಕ್ಕಮ್ಮನ ಫೋನಿಗೂ ಫೈರ್‌ಫಾಕ್ಸನ್ನೇ ಹಾಕಿಕೊಟ್ಟೆ. ಮರುವಾರ ಫೋನ್ ಬಂತು: ಟಿಕೆಟ್ ಬುಕ್ ಮಾಡುವ ಪುಟದಲ್ಲಿ ಬಟನ್ ಒತ್ತಿದರೂ ಏನೂ ಆಗ್ತಿಲ್ಲ. ಮೇಲೆ ವಿಳಾಸದ ಪಕ್ಕ ಗುರಾಣಿಯ ಚಿತ್ರ ಇದೆ, ಅದನ್ನು ಒತ್ತಿ, ಆ ಸೈಟಿಗೆ ಮಾತ್ರ ಕಾವಲು ತೆಗೆಯಿರಿ ಅಂದೆ. ಟಿಕೆಟ್ ಆಯಿತು. ಈಗ ಅವರೇ ಪಕ್ಕದ ಮನೆಯವರಿಗೆ ಗುರಾಣಿ ತೋರಿಸಿಕೊಡುತ್ತಿದ್ದಾರೆ.