ಹಿಂದೆ ಯಾರೂ ಇಲ್ಲದ ಜಾಗದಲ್ಲಿ ಚೆಂಡು ತಡೆಯುವುದು

ಸಾಫ್ಟ್‌ಬಾಲ್‌ನಲ್ಲಿ ಔಟ್‌ಫೀಲ್ಡ್ (ಬೇಸ್‌ಗಳ ಆಚೆಗಿನ ಹಿಂದಿನ ಮೈದಾನ) ಅಂದರೆ ಕ್ಯಾಚ್ ಹಿಡಿಯುವ ಜಾಗ ಅಂತ ನಮ್ಮ ಪಿಇಟಿ (ದೈಹಿಕ ಶಿಕ್ಷಣ ಶಿಕ್ಷಕರು) ಗಳಲ್ಲಿ ಎಷ್ಟೋ ಜನ ಈಗಲೂ ಅಂದುಕೊಂಡಿದ್ದಾರೆ. ಚುರುಕು ಹುಡುಗಿಯರು ಬೇಸ್‌ಗಳ ಹತ್ತಿರದ ಇನ್‌ಫೀಲ್ಡ್‌ಗೆ, ಉಳಿದವರು ಹಿಂದಕ್ಕೆ. ಪ್ರಾಕ್ಟೀಸೂ ಹಾಗೇ. ಸೆಕೆಂಡ್, ಥರ್ಡ್ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ಗೆ ಸಂಜೆಯೆಲ್ಲಾ ಗ್ರೌಂಡರ್ (ನೆಲದ ಮೇಲೆ ಬರುವ ಚೆಂಡು), ಅವಳ ಹಿಂದಿನ ಲೆಫ್ಟ್ ಫೀಲ್ಡ್‌ಗೆ ಕತ್ತಲಾಗುವ ಹೊತ್ತಿಗೆ ನಾಲ್ಕು ಹೈ ಕ್ಯಾಚ್. ಆದರೆ ಶಾಲಾ ಪಂದ್ಯಗಳಲ್ಲಿ ಹಿಂದಕ್ಕೆ ಬರುವ ಚೆಂಡು ಜಾಸ್ತಿ ನೆಲದ ಮೇಲೇ ಬರುತ್ತದೆ. ಶಾರ್ಟ್‌ಸ್ಟಾಪ್ ಬಿಟ್ಟರೆ ಲೆಫ್ಟ್ ಫೀಲ್ಡರ್ ಇದ್ದಾಳೆ. ಲೆಫ್ಟ್ ಫೀಲ್ಡರ್ ಬಿಟ್ಟರೆ? ನಮ್ಮ ಗ್ರೌಂಡ್‌ಗಳಿಗೆ ಫೆನ್ಸ್ ಇಲ್ಲ. ಕ್ರಿಕೆಟ್‌ನ ಹಾಗೆ ಹಗ್ಗ ದಾಟಿದರೆ ನಾಲ್ಕಕ್ಕೇ ಮುಗಿಯಿತು ಅಂತಲೂ ಇಲ್ಲ. ಚೆಂಡು ಉರುಳುವಷ್ಟು ಹೊತ್ತೂ ರನ್ನರ್ ಫಸ್ಟ್, ಸೆಕೆಂಡ್, ಥರ್ಡ್ ಬೇಸ್ ಸುತ್ತಿ ಓಡುತ್ತಲೇ ಇರುತ್ತಾಳೆ, ಹೋಮ್ ಮುಟ್ಟಿದರೆ ಒಂದು ರನ್.

ಇದು ನನಗೆ ಒಂದು ಜಿಲ್ಲಾ ಮಟ್ಟದ ಪಂದ್ಯದಲ್ಲಿ ಸರಿಯಾಗಿ ತಟ್ಟಿತು. ಏಳನೇ, ಅಂದರೆ ಕೊನೇ ಇನ್ನಿಂಗ್ಸ್, ಅವರ ಬ್ಯಾಟಿಂಗ್. ನಾವು 5, ಅವರು 3. ಎರಡು ಔಟ್ ಆಗಿತ್ತು. ಫಸ್ಟ್ ಬೇಸ್‌ನಲ್ಲಿ ಒಬ್ಬಳು ರನ್ನರ್, ಸೆಕೆಂಡ್‌ನಲ್ಲಿ ಒಬ್ಬಳು. ಇನ್ನೊಂದು ಔಟ್ ಸಿಕ್ಕರೆ ಡಿವಿಷನ್ ಮಟ್ಟದ ಪಂದ್ಯಕ್ಕೆ ಹೋಗುತ್ತಿದ್ದೆವು. ಬ್ಯಾಟರ್ ಹೊಡೆದದ್ದು ಭಾರೀ ಹೊಡೆತವೇನಲ್ಲ. ಥರ್ಡ್ ಬೇಸ್ ಮತ್ತು ಶಾರ್ಟ್‌ಸ್ಟಾಪ್ ನಡುವೆ ನುಸುಳಿ ಲೆಫ್ಟ್‌ಗೆ ಹೋಯಿತು. ಸೆಕೆಂಡ್‌ನಲ್ಲಿದ್ದವಳು ಥರ್ಡ್ ಸುತ್ತುವುದು ಕಂಡ ತಕ್ಷಣ ನಾನು ಬೆಂಚಿನಿಂದಲೇ "ಹೋಮ್! ಹೋಮ್!" ಅಂತ ಕೂಗಿದೆ. ನಮ್ಮ ಲೆಫ್ಟ್ ಫೀಲ್ಡರ್ ಹುಡುಗಿ ಪೂರ್ತಿ ಸ್ಪೀಡಿನಲ್ಲಿ ಮುಂದೆ ನುಗ್ಗಿ ಬಂದಳು. ಓಡುತ್ತಲೇ ಎಡಗಾಲಿನ ಪಕ್ಕ ಗ್ಲೌವ್ ಇಳಿಸಿದಳು. ಕಲಿಸಿದ್ದೇ ಹಾಗೆ. ಚೆಂಡು ಅವಳ ಮುಂದೆ ಒಂದು ಮಣ್ಣಿನ ಹೆಂಟೆಗೆ ತಾಗಿ ಅರ್ಧ ಅಡಿ ಪಕ್ಕಕ್ಕೆ ಸರಿಯಿತು, ಅಷ್ಟೇ. ಗ್ಲೌವ್ ಒಂದು ಕಡೆ, ಚೆಂಡು ಇನ್ನೊಂದು ಕಡೆ. ಅವಳು ತಿರುಗಿ ನಿಲ್ಲುವ ಹೊತ್ತಿಗೆ ಅದು ನೀಲಗಿರಿ ಮರಗಳ ಕಡೆ ಉರುಳುತ್ತಿತ್ತು. ಸೆಂಟರ್ ಫೀಲ್ಡರ್ ಬ್ಯಾಕಪ್‌ಗೆ ಓಡದೆ ತನ್ನ ಜಾಗದಲ್ಲೇ ನಿಂತು ನೋಡುತ್ತಿದ್ದಳು. ಬ್ಯಾಟರ್ ಸೇರಿ ಮೂರೂ ಜನ ಹೋಮ್ ಮುಟ್ಟಿದರು. 6-5.

ಲೆಕ್ಕ ಹಾಕಿ ನೋಡಿ. ಎರಡು ರನ್ ಮುಂದಿದ್ದೆವು. ಸೆಕೆಂಡ್‌ನಿಂದ ಬರುವವಳು ಒಂದು ರನ್ ಹೊಡೆದರೂ 5-4. ಅವಳನ್ನು ತಡೆಯುವ ಅಗತ್ಯವೇ ಇರಲಿಲ್ಲ. ಮಂಡಿ ಊರಿ ಚೆಂಡು ನಿಲ್ಲಿಸಿ ಕಟ್-ಆಫ್‌ಗೆ (ಎಸೆತವನ್ನು ನಡುವೆ ನಿಂತು ಹಿಡಿಯುವವಳಿಗೆ) ಕೊಟ್ಟಿದ್ದರೆ ಸ್ಕೋರ್ ಸಮ ಮಾಡುವ ರನ್ನರ್ ಸೆಕೆಂಡ್‌ನಲ್ಲೋ ಥರ್ಡ್‌ನಲ್ಲೋ ನಿಲ್ಲುತ್ತಿದ್ದಳು, ಮೂರನೇ ಔಟ್‌ಗೆ ಇನ್ನೊಂದು ಅವಕಾಶ ಇರುತ್ತಿತ್ತು. ನುಗ್ಗಿ ಎತ್ತುವುದು ಆ ಒಂದು ರನ್ ಬಿಟ್ಟರೆ ಪಂದ್ಯವೇ ಹೋಗುತ್ತದೆ ಅನ್ನುವಾಗ ಮಾತ್ರ. ಅಲ್ಲಿ ಹಾಗಿರಲಿಲ್ಲ. ಹೋಮ್‌ಗೆ ಎಸೆತ ಅಂತ ಕೂಗಿದ್ದು ನನ್ನ ತೀರ್ಮಾನ, ಹುಡುಗಿಯದಲ್ಲ. ಮಾರನೇ ದಿನ ಸ್ಟಾಫ್ ರೂಮಿನಲ್ಲಿ "ಅಷ್ಟು ನಿಧಾನದ ಚೆಂಡು ಹಿಡಿಯೋಕಾಗಲಿಲ್ವಾ ಆ ಹುಡುಗಿಗೆ" ಅಂದವರಿಗೆಲ್ಲ ಇದನ್ನೇ ಹೇಳಿದೆ.

ಮಂಡಿ ಊರುವುದು ಸುಲಭ ಅನ್ನಿಸುತ್ತದೆ, ಆದರೆ ನಮ್ಮ ಮಕ್ಕಳಿಗೆ ಕ್ರಿಕೆಟ್ ಅಡ್ಡ ಬರುತ್ತದೆ. ಬೀದಿಯಲ್ಲಿ ಆಡಿ ಬಂದವರು ಲಾಂಗ್ ಬ್ಯಾರಿಯರ್‌ನಲ್ಲಿ (ಕಾಲನ್ನು ಅಡ್ಡ ಇಟ್ಟು ನೆಲದ ಚೆಂಡು ತಡೆಯುವ ಕ್ರಿಕೆಟ್ ರೀತಿ) ಎಡ ಮಂಡಿ ಊರಿ ಪಕ್ಕಕ್ಕೆ ತಿರುಗುತ್ತಾರೆ. ಸಾಫ್ಟ್‌ಬಾಲ್‌ನಲ್ಲಿ ಬಲಗೈಯಿಂದ ಎಸೆಯುವವಳು ಬಲ ಮಂಡಿ ಊರಬೇಕು. ಎಡಪಾದ ಮುಂದೆ, ಎದೆ ನೇರ ಚೆಂಡಿನ ಕಡೆ. ಬಲಗಾಲನ್ನು ಮಂಡಿಯಿಂದ ಕೆಳಗೆ ಅಡ್ಡಕ್ಕೆ ಮಲಗಿಸಿದರೆ ಗ್ಲೌವ್ ತಪ್ಪಿದ್ದು ಕಾಲಿಗೆ ತಾಗಿ ನಿಲ್ಲುತ್ತದೆ. ಗ್ಲೌವ್‌ನ ಬೆರಳ ತುದಿ ಮಣ್ಣಿಗೆ ತಾಗಿರಬೇಕು, ಗಾಳಿಯಲ್ಲಿ ಅಲ್ಲ. ಚೆಂಡು ಪುಟಿದರೆ ಗ್ಲೌವ್ ಮೇಲೆತ್ತುವುದು ಸುಲಭ, ಮೇಲಿದ್ದದ್ದನ್ನು ಆ ಹೊತ್ತಿಗೆ ಕೆಳಗಿಳಿಸುವುದು ಕಷ್ಟ. ಇನ್ನೊಂದು ಕೈ ಗ್ಲೌವ್‌ನ ಮೇಲೆ, ಬಾಗಿಲು ಮುಚ್ಚುವ ಹಾಗೆ. ಎದ್ದ ಚೆಂಡು ಮುಖಕ್ಕೆ ಬರದೆ ಆ ಕೈಗೆ ತಾಗುತ್ತದೆ. ಎದ್ದೇಳುವಾಗ ಎಡಗಾಲು ಆಗಲೇ ಮುಂದಿರುವುದರಿಂದ ಬಲಗಾಲು ತಂದು ಒಂದು ಹಾಪ್ ಹಾಕಿದರೆ ಎಸೆತಕ್ಕೆ ತಯಾರು.

ಗದ್ದ ಎದೆಗೆ ಒತ್ತಿ ಹಿಡಿಯಬೇಕು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. 12 ಇಂಚು ಸುತ್ತಳತೆ, 180 ಗ್ರಾಂ ಆಸುಪಾಸಿನ ಚೆಂಡು ಅದು. ಕ್ರಿಕೆಟ್ ಚೆಂಡಿಗಿಂತ ದೊಡ್ಡದು, ಭಾರವೂ ಜಾಸ್ತಿ. ಹೆಸರಲ್ಲಿ ಸಾಫ್ಟ್ ಇದ್ದರೂ ಮೆತ್ತಗಿರುವುದಿಲ್ಲ. ಹೆದರಿದ ಹುಡುಗಿ ಕೊನೇ ಕ್ಷಣದಲ್ಲಿ ಮುಖ ತಿರುಗಿಸುತ್ತಾಳೆ. ಚೆಂಡಿನಿಂದ ಕಣ್ಣು ತೆಗೆದ ಆ ಕ್ಷಣದಲ್ಲೇ ಏಟು ಬೀಳುವುದು. ಹೆದರಬೇಡ ಅಂತ ಬೈದರೆ ಭಯ ಹೋಗುವುದಿಲ್ಲ. ಮೊದಲು ಟೆನಿಸ್ ಬಾಲ್, ಗ್ಲೌವ್ ಇಲ್ಲದೆ, ಕೈಯಿಂದ ಉರುಳಿಸಿ ಅಭ್ಯಾಸ ಮಾಡಿಸಬೇಕು. ನಿಜವಾದ ಚೆಂಡು ಆಮೇಲೆ.

ಈಗ ಪ್ರಾಕ್ಟೀಸ್‌ನಲ್ಲಿ ಪ್ರತಿ ಚೆಂಡಿಗೂ ಮುಂಚೆ ಸ್ಕೋರ್, ಔಟ್, ರನ್ನರ್ ಮೂರನ್ನೂ ಕೂಗಿ ಹೇಳುತ್ತೇನೆ. ಬ್ಯಾಟಿಗೆ ತಾಗುವ ಮುಂಚೆಯೇ ಔಟ್‌ಫೀಲ್ಡರ್ "ಮಂಡಿ" ಅನ್ನಬೇಕು ಇಲ್ಲವೇ "ನುಗ್ಗು" ಅನ್ನಬೇಕು. ಚೆಂಡು ಬರುವಾಗ ಯೋಚನೆಗೆ ಟೈಮ್ ಇರುವುದಿಲ್ಲ. ಬೆಂಚಿನಿಂದ ಯಾರೂ ಕೂಗುವ ಹಾಗಿಲ್ಲ, ನಾನೂ ಸೇರಿ. ಲೆಫ್ಟ್‌ಗೆ ಹೋದ ಪ್ರತಿ ಚೆಂಡಿಗೂ ಸೆಂಟರ್‌ನವಳು ಹಿಂದಕ್ಕೆ ಓಡಬೇಕು, ಹತ್ತಕ್ಕೆ ಒಂಬತ್ತು ಸಲ ಸುಮ್ನೆ ಓಡಿದ ಹಾಗಾದರೂ ಸರಿ.

ಗ್ರೌಂಡ್ ಬಗ್ಗೆ ಮಾತ್ರ ಏನೂ ಮಾಡಲಾಗುತ್ತಿಲ್ಲ. ಪಂದ್ಯದ ಹಿಂದಿನ ದಿನ ಇನ್‌ಫೀಲ್ಡ್‌ಗೆ ನೀರು ಹಾಕಿ ರೋಲರ್ ಎಳೆಯುತ್ತಾರೆ, ಹಿಂದೆ ಕಲ್ಲು ಆಯುವವರೂ ಇಲ್ಲ. ಮಂಡಿ ಊರು ಅಂತ ನಾನು ಹೇಳುವುದು ಜಲ್ಲಿಯ ಮೇಲೆ. ನೀ ಪ್ಯಾಡ್ ಕೇಳಿದರೆ "ಅದು ವಾಲಿಬಾಲ್‌ಗಲ್ವಾ" ಅನ್ನುತ್ತಾರೆ. ಗ್ಲೌವ್‌ಗಳ ಕಥೆಯೂ ಅಷ್ಟೇ. ಇರುವುದೆಲ್ಲ ಎಡಗೈಗೆ ಹಾಕುವಂಥವು, ನಮ್ಮ ರೈಟ್ ಫೀಲ್ಡರ್ ಎಡಚಿ. ಅವಳು ಎಡಗೈಯಲ್ಲಿ ಹಿಡಿದು, ಗ್ಲೌವ್ ಬಿಚ್ಚಿ, ಅದೇ ಕೈಯಿಂದ ಚೆಂಡು ಎಸೆಯಬೇಕು. ಅಷ್ಟರಲ್ಲಿ ರನ್ನರ್ ಇನ್ನೊಂದು ಬೇಸ್ ದಾಟಿರುತ್ತಾಳೆ. ಈ ಸಲದ ಇಂಡೆಂಟ್‌ನಲ್ಲಿ ಬಲಗೈ ಗ್ಲೌವ್ ಒಂದು, ನೀ ಪ್ಯಾಡ್ ಮೂರು ಜೊತೆ ಬರೆದಿದ್ದೇನೆ. ಎಚ್‌ಎಂ ಸಹಿ ಇನ್ನೂ ಬಿದ್ದಿಲ್ಲ.