ಅಡ್ಡಹಲಗೆಗೆ ಗಾಜೇ ಸರಿ

ಮೀನಿನ ತೊಟ್ಟಿಯ ಕೆಳಗಿರುವ ಫಿಲ್ಟರ್ ತೊಟ್ಟಿಯನ್ನು ವಿಭಾಗಗಳಾಗಿ ಬೇರ್ಪಡಿಸಲು ನಾನೇ ಕೂರಿಸಿದ್ದ ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಅಡ್ಡಹಲಗೆ ಇಂದು ಬೆಳಿಗ್ಗೆ ಬೆರಳು ತಾಗಿಸಿದೊಡನೆ ಕಳಚಿ ಬಂದಿತು.

ಸಿಲಿಕೋನ್ ಅಂಟಿನ ಪಟ್ಟಿ ತೊಟ್ಟಿಯ ಗಾಜಿನ ಗೋಡೆಯನ್ನು ಬಿಗಿಯಾಗಿ ಹಿಡಿದುಕೊಂಡೇ ಇತ್ತು. ಅಕ್ರಿಲಿಕ್ಕಿನ ಅಂಚು ಮಾತ್ರ, ಅಂಟು ಎಂದೂ ಸೋಕಿರಲೇ ಇಲ್ಲವೆಂಬಂತೆ, ನುಣುಪಾಗಿ ಹೊಳೆಯುತ್ತಿತ್ತು.

ಸಿಲಿಕೋನ್ ಗಾಜನ್ನು ಹಿಡಿಯುವಂತೆ ಅಕ್ರಿಲಿಕ್ಕನ್ನು ಹಿಡಿಯುವುದಿಲ್ಲ. ಅದರ ಜೊತೆಗೆ ಅಕ್ರಿಲಿಕ್ ನಿಧಾನವಾಗಿ ನೀರು ಹೀರಿ ಬಾಗುವುದರಿಂದ, ಮೊದಲೇ ದುರ್ಬಲವಾದ ಆ ಬೆಸುಗೆ ದಿನದಿಂದ ದಿನಕ್ಕೆ ಬಿಡುತ್ತಾ ಹೋಗುತ್ತದೆ. ಹಗುರ, ಮನೆಯಲ್ಲೇ ಕತ್ತರಿಸಬಹುದು ಎಂಬ ಕಾರಣಕ್ಕೆ ಅದನ್ನು ಆರಿಸಿದ್ದೆ.

ಮಧ್ಯಾಹ್ನ ಗಾಜಿನ ಅಂಗಡಿಗೆ ಹೋಗಿ, 5 ಮಿ.ಮೀ. ದಪ್ಪದ ಗಾಜನ್ನು ತೊಟ್ಟಿಯ ಒಳ ಅಗಲಕ್ಕಿಂತ 4 ಮಿ.ಮೀ. ಕಡಿಮೆ ಮಾಡಿ ಕತ್ತರಿಸಿ, ಅಂಚನ್ನು ಉಜ್ಜಿಸಿಕೊಂಡು ತಂದೆ. ಎರಡೂ ಬದಿಗೆ ಉಳಿಯುವ 2 ಮಿ.ಮೀ. ಸಂದು ಸಿಲಿಕೋನಿಗೆ ಬೇಕೇ ಬೇಕು. ಅಡ್ಡಹಲಗೆಯ ಎರಡೂ ಕಡೆ ನೀರಿರುವುದರಿಂದ ಒತ್ತಡ ಬಹುಪಾಲು ಸರಿದೂಗುತ್ತದೆ, ಆದ್ದರಿಂದ ಇದಕ್ಕಿಂತ ದಪ್ಪದ ಗಾಜು ಅನಗತ್ಯ.

ಬೂಷ್ಟು ತಡೆಯುವ ರಾಸಾಯನಿಕ ಸೇರಿಸಿದ ಬಚ್ಚಲುಮನೆಯ ಸಿಲಿಕೋನನ್ನು ದಯವಿಟ್ಟು ಬಳಸಬೇಡಿ, ಅದು ಮೀನುಗಳಿಗೆ ವಿಷ.

ಹೊಸ ಗಾಜನ್ನು ಅಂಟಿಸಿದ್ದಾಯಿತು; ಸಿಲಿಕೋನ್ ಒಣಗುತ್ತಿರುವುದರಿಂದ ಈಗ ಕೋಣೆಯ ತುಂಬ ವಿನೆಗರಿನ ಹುಳಿ ವಾಸನೆ ಹರಡಿದೆ. ಅದು ಪೂರ್ತಿ ಅಡಗುವವರೆಗೆ, ಎಷ್ಟೇ ದಿನವಾದರೂ, ನೀರು ತುಂಬಿಸುವುದಿಲ್ಲ.