ಮೆಲಿಯೆಸ್‌ನ ಚಂದ್ರಲೋಕದಲ್ಲಿ ಯಾರಿಗೆ ಎಷ್ಟು ಜಾಗ?

ಕಲಬುರಗಿಯ ಕಾಲೇಜುಗಳಲ್ಲಿ ಫ್ರೆಂಚ್ ನಿರ್ದೇಶಕ ಜಾರ್ಜ್ ಮೆಲಿಯೆಸ್‌ನ 1902ರ ಮೂಕಿ ಚಿತ್ರ ‘ಚಂದ್ರನೆಡೆಗೆ ಪಯಣ’ ತೋರಿಸುವವರು ಮೊದಲು ವೇಗ ನೋಡಿಕೊಳ್ಳಿ. ಸೆಕೆಂಡಿಗೆ 16 ಫ್ರೇಮ್ ಇಟ್ಟರೆ ಸುಮಾರು 14 ನಿಮಿಷ. 24ಕ್ಕೆ ಓಡಿಸಿದರೆ ಗುಂಪಿನಲ್ಲಿ ಯಾರು ಏನು ಮಾಡುತ್ತಿದ್ದಾರೆಂದೇ ತಿಳಿಯದು. ಎರಡನೇ ಸಲ ನೋಡುವಾಗ ಹಾಳೆಯಲ್ಲಿ ಬರೆಯಿರಿ: ತೀರ್ಮಾನ ಯಾರದು, ಏಟು ಯಾರಿಗೆ?

ಬರೀ ತಲೆ ಎಣಿಸಿದರೆ ಮೋಸ ಹೋಗುತ್ತೀರಿ. ಹೆಂಗಸರು ಸಾಕಷ್ಟಿದ್ದಾರೆ. ಆದರೆ ಚಂದ್ರನಿಗೆ ಹೊರಟವರು ಕೂತ ಗುಂಡನ್ನು ಫಿರಂಗಿಗೆ ನೂಕಿ ನಮ್ಮತ್ತ ಕೈಬೀಸುವುದು, ನಕ್ಷತ್ರಗಳಾಗಿ ಇಣುಕುವುದು, ಇಷ್ಟೇ ಅವರ ಪಾಲು. ಹೊರಡುವ ಆರೂ ಪಂಡಿತರು ಗಂಡಸರು. ಚಂದ್ರವಾಸಿಗಳೋ, ಪಂಡಿತರ ಕೊಡೆಯ ಒಂದೇ ಏಟಿಗೆ ಹೊಗೆಯಾಗಿ ಮಾಯ! ಕೊನೆಯ ಮೆರವಣಿಗೆ ಕೆಲವು ಪ್ರತಿಗಳಲ್ಲಿ ಇರುವುದಿಲ್ಲ; ಪೂರ್ತಿ ಪ್ರತಿಯನ್ನೇ ಹುಡುಕಿ. ಸೆರೆಸಿಕ್ಕ ಚಂದ್ರವಾಸಿಯನ್ನು ಅಲ್ಲಿ ಊರ ಮುಂದೆ ಕುಣಿಸುತ್ತಾರೆ. ಇಡೀ ಚಿತ್ರ ವಸಾಹತುಶಾಹಿಯ ಅಣಕ ಎಂಬ ಓದೂ ಇದೆ. ಪಂಡಿತರ ಪೆದ್ದುತನ ನೋಡಿದರೆ ಅದು ಸರಿಯೆನಿಸುತ್ತದೆ, ಆದರೂ ಆ ಕುಣಿತ ಕಣ್ಣಿಗೆ ಚುಚ್ಚುತ್ತದೆ.